ಒಂದು ಎಂಜಿನ್ ನಿಂತರೆ

ಮಕ್ಕಳೇ, ನಮ್ಮ ವೇಲಚೇರಿಯಲ್ಲಿ ಮಹಡಿ ಹತ್ತಿದರೆ ಮೀನಂಬಾಕಕ್ಕೆ ಇಳಿಯುವ ವಿಮಾನಗಳು ಕಾಣುತ್ತವೆ. ಮೊನ್ನೆ ನಿಮ್ಮಲ್ಲೊಬ್ಬ ಕೇಳಿದ: "ಆಂಟಿ, ಎರಡು ಎಂಜಿನ್ ಇದ್ದರೆ ಒಂದು ಕೆಟ್ಟರೂ ಯೋಚನೆ ಇಲ್ಲ, ಅಲ್ವಾ?" ಇಂಗ್ಲಿಷ್ ಬಿ.ಎ. ಓದಿದವಳನ್ನು ಕೇಳುವ ಪ್ರಶ್ನೆಯೇ ಇದು! ಆದರೂ ಓದಿ ತಿಳಿದದ್ದನ್ನು ಹೇಳುತ್ತೇನೆ.

ದೊಡ್ಡ ಜೆಟ್ ವಿಮಾನಕ್ಕೆ ಆ ಮಾತು ಬಹುಮಟ್ಟಿಗೆ ನಿಜ. ಆರೆಂಟು ಜನ ಕೂರುವ ಸಣ್ಣ ವಿಮಾನದ ಕಥೆ ಬೇರೆ. ಒಂದು ಎಂಜಿನ್ ನಿಂತರೆ ಶಕ್ತಿ ಹೋಗುವುದು ಅರ್ಧ. ಆದರೆ ಮೇಲೇರುವ ಸಾಮರ್ಥ್ಯ ನೂರಕ್ಕೆ 80 ಪಾಲು ಹೋಗಬಹುದು. ಮಟ್ಟವಾಗಿ ಹಾರುವುದಕ್ಕೇ ಬಹಳಷ್ಟು ಶಕ್ತಿ ಬೇಕು, ಮಿಕ್ಕದ್ದರಲ್ಲಿ ಏರಬೇಕು. ಸಂಬಳ ಅರ್ಧವಾದರೆ ಬಾಡಿಗೆ, ಅಕ್ಕಿ, ಹಾಲು ಅರ್ಧವಾಗುವುದಿಲ್ಲ. ಮೊದಲು ಹೋಗುವುದು ಉಳಿತಾಯ. ಹಾಗೆಯೇ ಇದೂ.

ಎಂಜಿನ್‌ಗಳು ರೆಕ್ಕೆಗಳ ಮೇಲಿದ್ದರೆ ಮೂಗು ನಿಂತ ಎಂಜಿನ್ ಕಡೆಗೆ ತಿರುಗುತ್ತದೆ. ಪೈಲಟ್ ಇನ್ನೊಂದು ಕಡೆಯ ಪೆಡಲ್ ಒತ್ತಿ ನೇರ ಮಾಡಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯದೇ ಸತ್ತಿದೆ ಎಂದು ಲೆಕ್ಕ. ವೇಗ ತೀರ ಇಳಿದರೆ ಪೆಡಲಿಗೂ ಬಲ ಸಾಲದೆ ವಿಮಾನ ಮಗುಚಿಕೊಳ್ಳುತ್ತದೆ. ಆ ಮಿತಿಗೆ ವೇಗಮಾಪಕದಲ್ಲಿ ಕೆಂಪು ಗೆರೆ ಇರುತ್ತದೆ. ನಿಂತ ಪ್ರೊಪೆಲರ್‌ನ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಬೇಕು. ಬಸ್ಸಿನ ಕಿಟಕಿಯಾಚೆ ಅಂಗೈಯನ್ನು ಗಾಳಿಗೆ ಅಡ್ಡ ಹಿಡಿದರೆ ಕೈ ಹಿಂದಕ್ಕೆ ಹೋಗುತ್ತದೆ, ಮಟ್ಟವಾಗಿ ಹಿಡಿದರೆ ಸೀಳಿಕೊಂಡು ಹೋಗುತ್ತದೆ. (ಪ್ರಯೋಗ ಮಾಡಿ ನೋಡಬೇಡಿ, ಮಾತಿಗೆ ಹೇಳಿದೆ.)

ಅವಸರವೂ ಕೂಡದು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಬಲಗಡೆಯದು ಕೈಕೊಟ್ಟಾಗ ಚೆನ್ನಾಗಿದ್ದ ಎಡ ಎಂಜಿನ್ನನ್ನು ನಿಲ್ಲಿಸಿಬಿಟ್ಟರು. 43 ಜನ ಸತ್ತರು.

ನಮ್ಮವರದೇ ಒಂದು ಕಥೆ ಇದೆ. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ರೂಪಿಸಿದ 14 ಆಸನಗಳ ವಿಮಾನ 'ಸಾರಸ್'. ಅದರ ಎರಡು ಎಂಜಿನ್‌ಗಳು ಹಿಂಭಾಗದಲ್ಲಿದ್ದು ವಿಮಾನವನ್ನು ಹಿಂದಿನಿಂದ ತಳ್ಳುತ್ತವೆ. 2004ರ ಮೇ 29ರಂದು ಮೊದಲು ಹಾರಿತು. ಅದರ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಪರೀಕ್ಷೆಗೆ ಹೊರಟಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಮೂವರೂ ವಾಯುಪಡೆಯವರು. ಎಂಜಿನ್ ಕೆಟ್ಟಿರಲಿಲ್ಲ. ಎಡಗಡೆಯದನ್ನು ತಾವಾಗಿ ನಿಲ್ಲಿಸಿ, ಗಾಳಿಯಲ್ಲೇ ಮತ್ತೆ ಹೊತ್ತಿಸಿ ನೋಡುವುದೇ ಅಂದಿನ ಕೆಲಸ. ಸುಮಾರು 9,000 ಅಡಿಯಲ್ಲಿ ಶುರುಮಾಡಿದರು. ಬಹಳವೆನಿಸುತ್ತದೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ, ಬಿಡದಿಯ ನೆಲವೇ ಎರಡು ಸಾವಿರ ಅಡಿಗೂ ಮೇಲಿದೆ. ವಿಮಾನ ಬೇಗ ಬೇಗ ಎತ್ತರ ಕಳೆದುಕೊಂಡು ಬಿಡದಿಯ ಹತ್ತಿರ ಬಿತ್ತು. ಮೂವರೂ ಉಳಿಯಲಿಲ್ಲ.

ತನಿಖೆಯವರು ಹೇಳಿದ್ದು: ಮತ್ತೆ ಹೊತ್ತಿಸುವ ಕ್ರಮವನ್ನು ವಿನ್ಯಾಸಕಾರರು ರೂಪಿಸಿದ್ದೇ ತಪ್ಪಾಗಿತ್ತು, ಅದನ್ನು ಸಾಲದ ಎತ್ತರದಲ್ಲಿ ಮಾಡಲಾಯಿತು. ನನಗೆ ಸಂಕಟವಾಗುವುದು ಇಲ್ಲೇ. ಬೇರೆ ಪೈಲಟ್‌ಗಳಿಗೆ ಕೈಪಿಡಿ ಇರುತ್ತದೆ, ಪ್ರತಿ ಸಾಲನ್ನೂ ಯಾರೋ ಮೊದಲೇ ಹಾರಿ ನೋಡಿರುತ್ತಾರೆ. ಈ ಮೂವರು ಆ ಸಾಲನ್ನು ಬರೆಯಲು ಹೋದವರು.

ಮೊದಲನೆಯ ಮಾದರಿಯನ್ನೇ ತಿದ್ದಿ, 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಸಾರಸನ್ನು ಮತ್ತೆ ಹಾರಿಸಿದರು. ಆಗಲೂ ಅದರಲ್ಲಿ ಕೂತವರು ವಾಯುಪಡೆಯ ಪರೀಕ್ಷಾ ಪೈಲಟ್‌ಗಳೇ.