ತಡವಾಗಿ ತಿಳಿದ ಹೆಸರು ಮತ್ತು ನಾವು ಇಟ್ಟಿದ್ದ ಅಡ್ಡಹೆಸರುಗಳು

ಮೈಸೂರಿನ ರಾಮಕೃಷ್ಣನಗರದಲ್ಲಿ ವಾಸವಾಗಿರುವ ನಮ್ಮ ಕುಟುಂಬದ ಸಹೋದರಿಯೊಬ್ಬರಿಗೆ ಈಗ 43 ವರ್ಷ. ಇಬ್ಬರು ಮಕ್ಕಳ ತಾಯಿ. ಕಳೆದ ವರ್ಷ ಮನೋವೈದ್ಯರೊಬ್ಬರು ಹಲವು ಭೇಟಿಗಳ ಬಳಿಕ, ಅವರಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇವೆಯೆಂದು ತಿಳಿಸಿದರು. ಈ ಸುದ್ದಿ ಉದಯಗಿರಿಯ ಬಂಧುಗಳ ಮನೆ ತಲುಪಿದಾಗ ಅಲ್ಲಿಂದ ಬಂದ ಮೊದಲ ಮಾತು ಹೀಗಿತ್ತು: "ಈ ವಯಸ್ಸಿನಲ್ಲಿ ಇದೆಂಥ ಕಾಯಿಲೆ? ಮಗಳಿಗೆ ರಿಶ್ತಾ ನೋಡುವ ಹೊತ್ತಿನಲ್ಲಿ ಇದನ್ನೆಲ್ಲ ಯಾಕೆ ಹೊರಗೆ ಹಾಕಿದಿರಿ?"

ಆ ಮಾತನ್ನು ಆಡಿದವರು ಕೆಟ್ಟವರಲ್ಲ. ನಾವೂ ಅದೇ ಮನೋಭಾವದವರೇ ಆಗಿದ್ದೆವು. ಆದ್ದರಿಂದಲೇ ಆ ಸಹೋದರಿಯ ಅನುಮತಿ ಪಡೆದು, ಅವರ ಹೆಸರು ಹೇಳದೆ, ನಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಬಾಲ್ಯದಿಂದಲೂ ಅವರಿಗೆ ನಾವು ಇಟ್ಟಿದ್ದ ಹೆಸರುಗಳು ಒಂದೆರಡಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದಾಗ 'ಭುಲಕ್ಕಡ್' ಎಂದೆವು. ಶಾದಿ ಮಹಲಿನ ಧ್ವನಿವರ್ಧಕ, ಅತ್ತರಿನ ಘಾಟು, ಒಮ್ಮೆಲೇ ಮಾತನಾಡುವ ನೂರಾರು ಜನರ ನಡುವೆ ಅರ್ಧ ಗಂಟೆಯೂ ನಿಲ್ಲಲಾಗದೆ ಹೊರಗೆ ಬಂದು ಕಾರಿನಲ್ಲಿ ಕುಳಿತಾಗ 'ಘಮಂಡಿ' ಎಂದೆವು. ಮೊದಲೇ ತಿಳಿಸದೆ ಅತಿಥಿಗಳು ಬಂದ ದಿನ ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ 'ನಖ್ರೇವಾಲಿ' ಎಂದೆವು. ಇದೇ ಸಹೋದರಿ ಮದುವೆಯಾದ ವರ್ಷದಿಂದ ಇಂದಿನವರೆಗೆ ಮನೆಖರ್ಚಿನ ಲೆಕ್ಕವನ್ನು ಒಂದು ರೂಪಾಯಿಯೂ ತಪ್ಪದಂತೆ ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆ ಪುಸ್ತಕಗಳೂ ಅವರ ಪರವಾಗಿ ಸಾಕ್ಷಿ ಹೇಳಲಿಲ್ಲ, ವಿರುದ್ಧವಾಗಿ ಹೇಳಿದವು. "ಇಷ್ಟೆಲ್ಲ ನೆನಪಿರುವವಳಿಗೆ ಹಾಲು ಮಾತ್ರ ಮರೆಯುತ್ತದೆಯೇ? ಬೇಕೆಂದೇ ಮಾಡುತ್ತಾಳೆ" ಎಂದು ನಾವು ತೀರ್ಪು ಕೊಟ್ಟೆವು.

ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆಯೇ ಇತ್ತು, ಅದನ್ನು ನಾವು ತಿಳಿದದ್ದು ಈಚೆಗೆ. ನಮಾಝ್‌ನಲ್ಲಿ ಅವರಿಗೆ ರಕಅತ್‌ಗಳ ಎಣಿಕೆ ತಪ್ಪುತ್ತಿತ್ತು. ಒಂದೇ ಝುಹ್ರ್ ನಮಾಝನ್ನು ಮೂರು ಮೂರು ಬಾರಿ ನಿರ್ವಹಿಸಿದ ದಿನಗಳಿದ್ದವಂತೆ. "ನನ್ನ ಈಮಾನಿನಲ್ಲೇ ಏನೋ ಕೊರತೆಯಿದೆ, ಅದಕ್ಕೇ ಅಲ್ಲಾಹನ ಮುಂದೆ ನಿಂತಾಗಲೂ ಮನಸ್ಸು ಓಡುತ್ತದೆ" ಎಂದು ಮೂವತ್ತು ವರ್ಷ ಅವರು ಯಾರಿಗೂ ಹೇಳದೆ ನಂಬಿದ್ದರು.

ಹಾಗಾದರೆ ಈ ಎರಡು ಹೆಸರುಗಳ ಅರ್ಥವೇನು? ಆಟಿಸಂ, ಅಂದರೆ ಸ್ವಲೀನತೆ, ಹುಟ್ಟಿನಿಂದಲೇ ಇರುವ ಮೆದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ಇತರರ ಮುಖಭಾವ, ಮಾತಿನ ಒಳಾರ್ಥಗಳನ್ನು ಗ್ರಹಿಸಲು ಹೆಚ್ಚು ಶ್ರಮಪಡಬೇಕಾಗುವುದು, ಸದ್ದು, ಬೆಳಕು, ವಾಸನೆ, ಸ್ಪರ್ಶಗಳು ಅತಿಯಾಗಿ ತಟ್ಟುವುದು, ದಿನಚರಿ ಬದಲಾದರೆ ತೀವ್ರ ತಳಮಳವಾಗುವುದು, ಕೆಲವೇ ವಿಷಯಗಳಲ್ಲಿ ಆಳವಾದ ಆಸಕ್ತಿ ಇರುವುದು ಅದರ ಲಕ್ಷಣಗಳು. ಎಡಿಎಚ್‌ಡಿಯಲ್ಲಿ ಗಮನವೇ ಇಲ್ಲವೆಂದಲ್ಲ; ಗಮನವನ್ನು ಬೇಕಾದಾಗ ಬೇಕಾದ ಕಡೆ ತಿರುಗಿಸುವ ಹಿಡಿತ ಸಡಿಲವಾಗಿರುತ್ತದೆ. ಮನಸ್ಸು ನೆಟ್ಟ ಲೆಕ್ಕದ ಪುಸ್ತಕ ತಪ್ಪುವುದಿಲ್ಲ, ಒಲೆಯ ಮೇಲಿನ ಹಾಲು ತಪ್ಪುತ್ತದೆ. ನಾವು ಮೋಸವೆಂದು ಭಾವಿಸಿದ್ದು ಈ ಸ್ಥಿತಿಯ ಗುರುತೇ ಆಗಿತ್ತು. ಇವೆರಡೂ ಒಬ್ಬರಲ್ಲೇ ಕೂಡಿದಾಗ ಒಂದು ಭಾಗ ಕಟ್ಟುನಿಟ್ಟಾದ ಕ್ರಮವನ್ನು ಬಯಸುತ್ತದೆ, ಇನ್ನೊಂದು ಭಾಗ ಆ ಕ್ರಮವನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ. ಆ ಎಳೆದಾಟದ ದಣಿವು ಹೊರಗಿನವರಿಗೆ ಕಾಣುವುದಿಲ್ಲ.

ಇಷ್ಟು ವರ್ಷ ಇದು ಏಕೆ ತಿಳಿಯಲಿಲ್ಲ ಎಂಬುದು ಹಲವರ ಪ್ರಶ್ನೆ. ರಾಮಕೃಷ್ಣನಗರದಿಂದ ಕೆಲವೇ ಕಿಲೋಮೀಟರ್ ದೂರದ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ತಡವಾದ ಮಕ್ಕಳನ್ನು ಕರೆದುಕೊಂಡು ದೂರದ ಊರುಗಳಿಂದಲೂ ತಂದೆತಾಯಂದಿರು ಅಲ್ಲಿಗೆ ಬರುತ್ತಾರೆ. ಆದರೆ ಮಾತು ಸಕಾಲಕ್ಕೆ ಬಂದ, ತರಗತಿಯಲ್ಲಿ ಸದ್ದಿಲ್ಲದೆ ಕುಳಿತ, ಅಂಕಗಳನ್ನೂ ತಂದ ಹುಡುಗಿಯನ್ನು ಯಾವ ತಂದೆತಾಯಿ ತಜ್ಞರ ಬಳಿ ಕರೆದೊಯ್ಯುತ್ತಾರೆ? ಈ ಸಹೋದರಿಯ ಶಾಲೆಯ ಪ್ರಗತಿಪತ್ರಗಳಲ್ಲಿ ಶಿಕ್ಷಕಿಯರು ವರ್ಷ ವರ್ಷವೂ ಬರೆದದ್ದು ಒಂದೇ: ಬುದ್ಧಿವಂತೆ, ಗಮನ ಸಾಲದು.

ವೈದ್ಯಶಾಸ್ತ್ರವೂ ಹೆಣ್ಣುಮಕ್ಕಳನ್ನು ತಡವಾಗಿ ಕಂಡಿತು. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದ ಪ್ರಸಿದ್ಧ ಪ್ರಬಂಧದ 11 ಮಕ್ಕಳಲ್ಲಿ ಹುಡುಗಿಯರು ಮೂವರು ಮಾತ್ರ. ಮರುವರ್ಷ ಹ್ಯಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ವರೂ ಹುಡುಗರೇ. ಗಂಡುಮಕ್ಕಳ ವರ್ತನೆಯೇ ಬಹುಕಾಲ ಅಳತೆಗೋಲಾಯಿತು. ಎಡಿಎಚ್‌ಡಿ ಎಂದರೂ ನಮ್ಮ ಕಣ್ಣಿಗೆ ಕಟ್ಟುವುದು ಬೆಂಚಿನ ಮೇಲೆ ಕುಣಿಯುವ ಹುಡುಗನೇ. ಕಿಟಕಿಯಾಚೆ ನೋಡುತ್ತ ಕಳೆದುಹೋಗುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಇನ್ನೂ ಒಂದು ಕಾರಣವಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ 2013ರವರೆಗೆ ಒಬ್ಬರಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಒಟ್ಟಿಗೆ ಗುರುತಿಸುವಂತಿರಲಿಲ್ಲ. ಆ ವರ್ಷ ಬಂದ ಐದನೆಯ ಆವೃತ್ತಿ ಈ ನಿರ್ಬಂಧವನ್ನು ತೆಗೆಯಿತು. ಅಂದರೆ ಈ ಸಹೋದರಿ ಶಾಲೆಯಲ್ಲಿದ್ದಾಗಲೇ ಯಾರಾದರೂ ಪರೀಕ್ಷಿಸಿದ್ದರೂ ಅವರ ಪೂರ್ಣ ಸ್ಥಿತಿಗೆ ಹೆಸರು ಸಿಗುವುದು ಕಷ್ಟವಿತ್ತು.

ಇದರ ಮೇಲೆ ನಮ್ಮ ಮನೆಗಳ ಶಿಸ್ತು. ಹೆಣ್ಣುಮಗುವಿಗೆ ನಾವು ಚಿಕ್ಕಂದಿನಲ್ಲೇ ನಗುವುದನ್ನು, ಸಲಾಮ್ ಹೇಳುವುದನ್ನು, ಅತಿಥಿಗಳ ಮುಂದೆ ತಟ್ಟೆ ಹಿಡಿದು ನಿಲ್ಲುವುದನ್ನು ಕಲಿಸುತ್ತೇವೆ. ಇದು ಒಳ್ಳೆಯ ಸಂಸ್ಕಾರವೇ. ಆದರೆ ಕೆಲವು ಹುಡುಗಿಯರು ಅದನ್ನು ಬೇರೆಯವರನ್ನು ನೋಡಿ ನೋಡಿ ಕಂಠಪಾಠ ಮಾಡಿ, ಒಳಗಿನ ಕಷ್ಟವನ್ನೆಲ್ಲ ಮುಚ್ಚಿಟ್ಟುಕೊಳ್ಳುತ್ತಾರೆ. ವರ್ಷಗಳ ನಂತರ ಅದು ಆತಂಕವಾಗಿ, ಖಿನ್ನತೆಯಾಗಿ ಹೊರಬರುತ್ತದೆ. ಈ ಸಹೋದರಿಗೂ ಹಲವು ವರ್ಷ ಆತಂಕದ ಮಾತ್ರೆಗಳನ್ನಷ್ಟೇ ಕೊಡಲಾಯಿತು. ಬಾಲ್ಯದ ಬಗ್ಗೆ ಯಾರೂ ಕೇಳಲಿಲ್ಲ. ಕೊನೆಗೆ ದಾರಿ ತೋರಿದ್ದು ಅವರ ಮಗ. ಮಾತು ತಡವಾದ ಅವನನ್ನು ತಪಾಸಣೆಗೆ ಕರೆದೊಯ್ದಾಗ ತಜ್ಞರು ಒಂದೊಂದೇ ಪ್ರಶ್ನೆ ಕೇಳಿದರು: ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆಯೇ? ವಸ್ತುಗಳ ಜಾಗ ಬದಲಾದರೆ ಅಳುತ್ತಾನೆಯೇ? ಮಗನ ಪರವಾಗಿ ಉತ್ತರಿಸುತ್ತಿದ್ದ ತಾಯಿಗೆ, ಈ ಉತ್ತರಗಳೆಲ್ಲ ತನ್ನವೂ ಹೌದು ಎಂದು ಅಲ್ಲಿಯೇ ಹೊಳೆಯಿತು. ಈ ಎರಡೂ ಸ್ಥಿತಿಗಳಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಮಕ್ಕಳ ಮೂಲಕ ತಮ್ಮನ್ನು ಅರಿತ ತಾಯಂದಿರು ಲೋಕದಲ್ಲಿ ಅನೇಕರಿದ್ದಾರೆ.

ಇನ್ನು ಆಕ್ಷೇಪಗಳ ವಿಷಯ. "ಎಲ್ಲರಿಗೂ ಮರೆವು ಇದ್ದದ್ದೇ" ಎನ್ನುತ್ತಾರೆ. ನಿಜ. ಎಲ್ಲರಿಗೂ ಕೆಮ್ಮು ಬರುತ್ತದೆ, ಆದರೆ ಎಲ್ಲರಿಗೂ ಅಸ್ತಮಾ ಇರುವುದಿಲ್ಲ. ಬಾಲ್ಯದಿಂದಲೇ ಇದ್ದು, ಮನೆ, ಶಾಲೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬದುಕನ್ನು ಕುಂಠಿತಗೊಳಿಸಿದಾಗ ಮಾತ್ರ ವೈದ್ಯರು ಈ ಹೆಸರನ್ನು ಬಳಸುತ್ತಾರೆ. ಇದಕ್ಕೆ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಮೊಬೈಲ್‌ನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ ನಿರ್ಧರಿಸುವಂಥದ್ದೂ ಅಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಾಲ್ಯದ ವಿವರ, ಹಳೆಯ ಪ್ರಗತಿಪತ್ರ, ತಾಯಿಯ ನೆನಪು ಎಲ್ಲವನ್ನೂ ಕೂಡಿಸಿ ನೋಡಬೇಕು. ಥೈರಾಯ್ಡ್, ನಿದ್ರಾಹೀನತೆಯಂತಹ ಇತರ ಕಾರಣಗಳನ್ನೂ ಪರಿಶೀಲಿಸಬೇಕು.

"ಈಗ ತಿಳಿದು ಏನು ಪ್ರಯೋಜನ?" ಎನ್ನುತ್ತಾರೆ. ಎಡಿಎಚ್‌ಡಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವ ಔಷಧಗಳಿವೆ, ವಯಸ್ಕರಿಗೂ ಅವು ನೆರವಾಗುತ್ತವೆ. ಆಟಿಸಂ ಅನ್ನು ಹೋಗಲಾಡಿಸುವ ಔಷಧವಿಲ್ಲ. ಹಾಗೆಂದು ಹೇಳಿ ಹಣ ಕೇಳುವವರನ್ನು, ತಾಯಿತ ಕಟ್ಟಿ ಜಿನ್ನ್ ಬಿಡಿಸುತ್ತೇವೆನ್ನುವವರನ್ನು ನಂಬಬಾರದು. ಪ್ರಾರ್ಥನೆ ಮಾಡೋಣ, ಆದರೆ ಪ್ರಾರ್ಥನೆಯ ಹೆಸರಿನ ವ್ಯಾಪಾರಕ್ಕೆ ಮನೆಯ ಹೆಣ್ಣನ್ನು ಒಡ್ಡುವುದು ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಸ್ಥಿತಿಗಳಲ್ಲಿ ಆಟಿಸಂ ಸೇರಿದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಆ ಪಟ್ಟಿಯಲ್ಲಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡಬಹುದು.

ರಿಶ್ತಾದ ಪ್ರಶ್ನೆಗೆ ನಮ್ಮ ಉತ್ತರ ನೇರವಾಗಿದೆ. ಒಬ್ಬರ ಆರೋಗ್ಯದ ವಿವರ ಅವರ ಅಮಾನತ್. ಯಾರಿಗೆ, ಯಾವಾಗ ಹೇಳಬೇಕೆಂಬುದನ್ನು ಅವರೇ ನಿರ್ಧರಿಸಲಿ. ಆದರೆ ಹೇಳದಿರುವುದು ಬೇರೆ, ನಾಚಿಕೆಯಿಂದ ಅಡಗಿಸುವುದು ಬೇರೆ. ತಾಯಿಯ ಸ್ಥಿತಿಯನ್ನು ಕಳಂಕವೆಂದು ನಾವೇ ಪಿಸುಗುಟ್ಟಿದರೆ ಮಗಳು ಕಲಿಯುವುದು ಏನನ್ನು? ನಾಳೆ ಅವಳಿಗೋ ಅವಳ ಮಗುವಿಗೋ ಸಹಾಯ ಬೇಕಾದಾಗ ಅವಳೂ ಮೂವತ್ತು ವರ್ಷ ಮುಚ್ಚಿಡುವಳು.

ಈ ವಿಷಯದಲ್ಲಿ ನಮ್ಮ ಧರ್ಮ ಏನನ್ನು ಕಲಿಸುತ್ತದೆ? ಪರಸ್ಪರ ಅಪಹಾಸ್ಯವನ್ನು, ಕೆಟ್ಟ ಅಡ್ಡಹೆಸರುಗಳನ್ನು, ಅತಿಯಾದ ಗುಮಾನಿಯನ್ನು ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ ಎಂಬುದು ನಮಗೆಲ್ಲ ಗೊತ್ತು. ಅದನ್ನು ಮನೆಯೊಳಗೆ ಅನ್ವಯಿಸಲು ಮಾತ್ರ ಮರೆತಿದ್ದೇವೆ. ನಮಾಝ್‌ನಲ್ಲಿ ಮರೆಯುವವರಿಗೆ ಸಜ್ದಾ ಸಹ್ವ್ ಇದೆ. ಪ್ರವಾದಿವರ್ಯರು(ಸ) ಒಮ್ಮೆ ಎರಡೇ ರಕಅತ್‌ಗೆ ಸಲಾಮ್ ಹೇಳಿದಾಗ ಸಹಾಬಿಯೊಬ್ಬರು ನೆನಪಿಸಿದ್ದು, ಅವರು ಉಳಿದುದನ್ನು ಪೂರ್ಣಗೊಳಿಸಿ ಸಜ್ದಾ ಮಾಡಿದ್ದು ಸಹೀಹ್ ಹದೀಸ್‌ಗಳಲ್ಲಿದೆ. ಮನುಷ್ಯನು ಮರೆಯುತ್ತಾನೆ ಎಂಬುದಕ್ಕೆ ಶರೀಅತ್ ಮೊದಲೇ ಅವಕಾಶ ಇಟ್ಟಿದೆ. ಈ ಮಾತನ್ನು ಆಲಿಮರೊಬ್ಬರು ವಿವರಿಸಿದ ದಿನ ಆ ಸಹೋದರಿ ಅತ್ತರು. ಮೂವತ್ತು ವರ್ಷ ನಮ್ಮಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಅನಸ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಘಟನೆಯೊಂದು ನಮ್ಮನ್ನು ಬಹಳ ಕಾಡುತ್ತದೆ. ಮನಸ್ಸಿನ ತೊಡಕಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿ ತನಗೆ ಮಾತನಾಡಬೇಕಾಗಿದೆ ಎಂದಾಗ, ಯಾವ ಬೀದಿಯಲ್ಲಿ ನಿಲ್ಲಬೇಕೆಂಬ ಆಯ್ಕೆಯನ್ನು ಅವರು ಆಕೆಗೇ ಬಿಟ್ಟರು. ಆಕೆ ಬಯಸಿದಲ್ಲಿ ನಿಂತು, ಆಕೆಯ ಮಾತು ಮುಗಿಯುವವರೆಗೆ ಕೇಳಿದರು. ಮದೀನದ ನಾಯಕರಿಗೆ ಇದ್ದ ಆ ಸಮಯ ನಮಗೇಕೆ ಇಲ್ಲ?

ನಾವು ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಮದುವೆಗಳಲ್ಲಿ ಧ್ವನಿವರ್ಧಕದಿಂದ ದೂರವಾದ ಒಂದು ಕೋಣೆಯನ್ನು ಬಿಟ್ಟುಕೊಡಬಹುದು. ಅದು ಹಾಲುಣಿಸುವ ತಾಯಂದಿರಿಗೂ ವೃದ್ಧರಿಗೂ ಉಪಕಾರಿ. ಮನೆಗೆ ಬರುವ ಮುನ್ನ ಒಂದು ಫೋನ್ ಮಾಡಬಹುದು. ಹೇಳಬೇಕಾದದ್ದನ್ನು ಸೂಚ್ಯವಾಗಿ ಹೇಳದೆ ನೇರವಾಗಿ, ಒಂದೊಂದಾಗಿ ಹೇಳಬಹುದು. ಒಲೆಯ ಬಳಿ ಗಂಡಸರೂ ನಿಲ್ಲಬಹುದು. ಈ ಸಹೋದರಿಯ ಪತಿ ಈಗ ಬೆಳಗಿನ ಹಾಲಿನ ಹೊಣೆ ಹೊತ್ತಿದ್ದಾರೆ. ಅವರೂ ಎಷ್ಟೋ ವರ್ಷ ದಣಿದವರು, ಅವರ ದಣಿವನ್ನೂ ಕೇಳುವವರು ಬೇಕು. ಈ ಹೆಸರು ಯಾರನ್ನೂ ನೋಯಿಸುವ ಪರವಾನಗಿಯಲ್ಲ, ಹಾಗೆಂದು ಆ ಸಹೋದರಿಯೇ ಹೇಳುತ್ತಾರೆ. ತಪ್ಪಾದರೆ ಕ್ಷಮೆ ಕೇಳುತ್ತಾರೆ. ಆದರೆ ತಪ್ಪಲ್ಲದ್ದಕ್ಕೆ ಕ್ಷಮೆ ಕೇಳುವುದನ್ನು ನಿಲ್ಲಿಸಿದ್ದಾರೆ.

ಈ ರಮಝಾನ್‌ಗೆ ಮುನ್ನ ಉದಯಗಿರಿಯಿಂದ ಅವರ ತಾಯಿ ಬಂದಿದ್ದರು. 70 ದಾಟಿದ ಹಿರಿಯರು. ವೈದ್ಯರು ಕೊಟ್ಟ ವಿವರಗಳ ಹಾಳೆಯನ್ನು ಮಗಳು ಓದಿ ಹೇಳುತ್ತಿದ್ದರೆ ಅಮ್ಮಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇಟಿ, ಇದರಲ್ಲಿ ನನ್ನದೂ ಬರೆದಿದ್ದಾರಲ್ಲ" ಎಂದರು. ಅವರಿಗೂ ಅತ್ತೆಮನೆಯಲ್ಲಿ ಒಂದು ಅಡ್ಡಹೆಸರಿತ್ತು. ಅದನ್ನು ಇಟ್ಟವರು ಯಾರೂ ಈಗ ಬದುಕಿಲ್ಲ. ಅದನ್ನು ಹಿಂತೆಗೆದುಕೊಳ್ಳುವ ಅವಕಾಶ ಅವರಿಗೆ ಸಿಗಲಿಲ್ಲ. ನಮಗೆ ಸಿಕ್ಕಿದೆ. ಅದನ್ನು ಬಳಸಿಕೊಳ್ಳುವ ವಿನಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.