ವರದಿ ಬರೆಸಿದ ಧಣಿ ಯಾರು?

ಚುನಾವಣೆ ಹತ್ತಿರವಾದಾಗ ಪೊವೇಯ ನಮ್ಮ ಮನೆಗಳಿಗೂ ಕರಪತ್ರ ಬರುತ್ತವೆ. "ಸ್ವತಂತ್ರ ಸಂಸ್ಥೆಯ ವರದಿ" ಎಂದಿದ್ದರೆ ನಂಬಿಬಿಡುತ್ತೇವೆ. ಆ ಸಂಸ್ಥೆಗೆ ಹಣ ಯಾರದು?

ತೆರಿಗೆ ಇಳಿಸಿ, ಯೂನಿಯನ್ ಬಲ ತಗ್ಗಿಸಿ ಎನ್ನುವ ರಾಜ್ಯಮಟ್ಟದ ಸಂಸ್ಥೆಗಳನ್ನು 1992ರಿಂದ ಹೆಣೆಯುತ್ತಿರುವುದು ಸ್ಟೇಟ್ ಪಾಲಿಸಿ ನೆಟ್‌ವರ್ಕ್. ದುಡ್ಡು 1999ರಲ್ಲಿ ಹುಟ್ಟಿದ ಡೋನರ್ಸ್‌ಟ್ರಸ್ಟ್‌ನಂಥ ನಿಧಿಯ ಮೂಲಕ ಬಂದರೆ ದಾಖಲೆಯಲ್ಲಿ ಕಾಣುವುದು ನಿಧಿಯ ಹೆಸರಷ್ಟೇ. (ಎಡಪಂಥದಲ್ಲೂ ಇಂಥ ನಿಧಿಗಳಿವೆ.) ದೊಡ್ಡ ದಾನಿಗಳ ಪಟ್ಟಿಯನ್ನು ಗುಟ್ಟಾಗಿ ತನಗಾದರೂ ಕೊಡಿ ಎನ್ನುತ್ತಿದ್ದ ಕ್ಯಾಲಿಫೋರ್ನಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 2021ರಲ್ಲಿ 6-3 ಬಹುಮತದಿಂದ ರದ್ದುಮಾಡಿತು.

ದಾನಿಗೆ ಕಿರುಕುಳವಾದೀತು ಎಂಬ ವಾದ ಪೊಳ್ಳಲ್ಲ. ಆದರೆ ದೇವರ ಹುಂಡಿಗೆ ಹಾಕುವ ಗುಪ್ತದಾನವೇ ಬೇರೆ, ಕಾನೂನು ಬದಲಿಸಲು ಸುರಿಯುವ ದುಡ್ಡೇ ಬೇರೆ. ಮುಂದಿನ ವರದಿ ಕೈಗೆ ಬಂದಾಗ ದಾನಿಗಳ ಪಟ್ಟಿ ಹುಡುಕಿ. ಇಲ್ಲದಿದ್ದರೆ ಆ ಸಂಸ್ಥೆಗೇ ಒಂದು ಮಿಂಚಂಚೆ ಬರೆದು ಕೇಳಿ.