ಹಚ್ಚೆ ಹಾಕಿಸೋದು ಹತ್ತು ನಿಮಿಷ, ಅಳಿಸೋದು...?

ಕಳೆದ ಸಲ ರಾಮಥಾಳಕ್ಕೆ ಹೋದಾಗ ನಮ್ಮ ಚಿಕ್ಕಪ್ಪನ ಮಗ ಮೆಲ್ಲಗೆ ಹಿತ್ತಲಿಗೆ ಕರೆದುಕೊಂಡು ಹೋದ. ಸುತ್ತಮುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಅಂಗಿ ತೋಳು ಮಡಚಿ ಬಲಗೈ ತೋರಿಸಿದ. ಮುಂಗೈ ಒಳಭಾಗದಲ್ಲಿ "ಅವ್ವ" ಅಂತ ಎರಡು ಅಕ್ಷರ, ಕೆಳಗೊಂದು ಕೆಂಪು ಹೂವು. ಬನಶಂಕರಿ ಜಾತ್ರೆಯಲ್ಲಿ ಹಾಕಿಸಿದ್ದಂತೆ.

"ಅಣ್ಣಾ, ಇದನ್ನ ಲೇಸರ್ ಹೊಡಿಸಿ ಅಳಸಾಕ ಬರತೈತೇನು? ಎಷ್ಟ ದಿನ ಹಿಡಿತೈತಿ?"

ವಿಷಯ ಇಷ್ಟು. ಹುಡುಗನಿಗೆ ಬಿಎಸ್‌ಎಫ್ ಸೇರೋ ಆಸೆ. ಬೆಳಗ್ಗೆ ಐದಕ್ಕೆ ಎದ್ದು ಓಡ್ತಾನೆ. ಆದರೆ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿ ಅಧಿಸೂಚನೆಯಲ್ಲಿ ಹಚ್ಚೆಗೇ ಅಂತ ಒಂದು ಪ್ಯಾರಾ ಇದೆ. ದೇವರ ಚಿತ್ರ, ಹೆಸರು ಇದ್ದರೆ ತೊಂದರೆ ಇಲ್ಲ. ಆದರೆ ಮುಂಗೈ ಒಳಭಾಗದಲ್ಲಿದ್ದರೆ ಅದು ಎಡಗೈಯೇ ಆಗಿರಬೇಕು, ಇಲ್ಲವೇ ಅಂಗೈ ಹಿಂಭಾಗದಲ್ಲಿರಬೇಕು. ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಯಾಕೆ ಎಡಗೈ? ಬಲಗೈ ಸೆಲ್ಯೂಟ್ ಹೊಡೆಯೋ ಕೈ!

"ಮತ್ತ ಎಡಗೈ ಮ್ಯಾಲ ಹಾಕಸ್ಬೇಕಿಲ್ಲೋ?" ಅಂದೆ.

"ಅವ್ವನ ಹೆಸರು ಎಡಗೈ ಮ್ಯಾಲ ಹೆಂಗ ಹಾಕಸ್ಲಿ ಅಣ್ಣಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಸರ್ಕಾರಕ್ಕೆ ಬಲಗೈ ಮರ್ಯಾದೆಯ ಕೈ, ಅದಕ್ಕೇ ಅಲ್ಲಿ ಬೇಡ. ಇವನಿಗೂ ಬಲಗೈ ಮರ್ಯಾದೆಯ ಕೈ, ಅದಕ್ಕೇ ಅಲ್ಲೇ ಬೇಕು. ಇಬ್ಬರದೂ ಒಂದೇ ಕಾರಣ!

ಈಗ ಲೇಸರ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಜನ ಅದನ್ನ ಡಿಲೀಟ್ ಬಟನ್ ಅಂದ್ಕೊಂಡಿದ್ದಾರೆ. ಅಲ್ಲ ಸ್ವಾಮಿ, ಅದು ಗಾರ್ಬೇಜ್ ಕಲೆಕ್ಟರ್ :-) ಲೇಸರ್ ಶಾಯಿಯನ್ನು ಹೊರಗೆ ತೆಗೆಯೋದಿಲ್ಲ. ಚರ್ಮದೊಳಗಿನ ಶಾಯಿ ಕಣಗಳನ್ನು ಪುಡಿ ಮಾಡುತ್ತೆ, ಅಷ್ಟೇ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೋ ಸೆಕೆಂಡ್. ಅಂಥ ಕೆಲವೇ ನ್ಯಾನೋ ಸೆಕೆಂಡುಗಳ ಹೊಡೆತಕ್ಕೆ ಕಣ ಕಾದು ಒಡೆಯುತ್ತೆ, ಸುತ್ತಲಿನ ಚರ್ಮ ಬೇಯೋ ಮೊದಲೇ ಹೊಡೆತ ಮುಗಿದಿರುತ್ತೆ. ಆ ಪುಡಿಯನ್ನು ಸಾಗಿಸೋ ಕೆಲಸ ನಮ್ಮ ದೇಹದ್ದು. ಅದು ತನ್ನ ಪಾಡಿಗೆ ತಾನು, ನಿಧಾನಕ್ಕೆ ಮಾಡುತ್ತೆ.

ಹಚ್ಚೆ ಯಾಕೆ ಅಳಿಯಲ್ಲ ಅನ್ನೋದೂ ಸ್ವಾರಸ್ಯದ ವಿಷಯ. ಮ್ಯಾಕ್ರೋಫೇಜ್ ಅನ್ನೋ ಕಾವಲು ಕೋಶಗಳು ಶಾಯಿಯನ್ನು ನುಂಗಿ ಕೂತಿರುತ್ತವೆ. ಅವು ಸತ್ತರೆ ಹೊಸ ಕೋಶಗಳು ಬಂದು ಅದೇ ಶಾಯಿಯನ್ನು ಮತ್ತೆ ನುಂಗುತ್ತವೆ. 2018ರಲ್ಲಿ ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಯ ಬಾಲಕ್ಕೆ ಹಚ್ಚೆ ಹಾಕಿ ಇದನ್ನು ತೋರಿಸಿಕೊಟ್ಟರು.

ಹಾಗಾಗಿ ಒಂದು ಸಲಕ್ಕೆ ಮುಗಿಯಲ್ಲ. ಎರಡು ಸಿಟ್ಟಿಂಗ್ ನಡುವೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಡಬೇಕು. ಮಷಿನ್ನಿನಲ್ಲಿ ಹಾಕಿದ ಹಚ್ಚೆಗೆ ಆರು, ಎಂಟು, ಹತ್ತು ಸಿಟ್ಟಿಂಗ್ ಹಿಡಿದರೂ ಆಶ್ಚರ್ಯ ಇಲ್ಲ. ಲೆಕ್ಕ ಹಾಕಿ, ಒಂದು ವರ್ಷ ಸಲೀಸಾಗಿ ಹೋಯ್ತು. ಕಾನ್‌ಸ್ಟೇಬಲ್ ಹುದ್ದೆಗೆ ಸಾಮಾನ್ಯ ವರ್ಗದ ವಯೋಮಿತಿ 18ರಿಂದ 23. ಇವನಿಗೆ ಈಗಲೇ 21. "ಒಂದೇ ಸಿಟ್ಟಿಂಗ್‌ನಲ್ಲಿ ಮಾಯ" ಅಂತ ಜಾಹೀರಾತು ಕೊಡೋರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ. ಅವರು ಕಸಿಯೋದು ದುಡ್ಡನ್ನಷ್ಟೇ ಅಲ್ಲ, ಈ ಹುಡುಗರ ವರ್ಷಗಳನ್ನ.

ಇನ್ನು ಬಣ್ಣ. ಕಪ್ಪು ಎಲ್ಲಕ್ಕಿಂತ ಸುಲಭ. ಅದಕ್ಕೆ ಬಳಸೋ 1064 ನ್ಯಾನೋಮೀಟರ್ ಬೆಳಕು ನಮ್ಮಂಥ ಕಂದು ಮೈಗೆ ಹೆಚ್ಚು ಸುರಕ್ಷಿತ ಕೂಡ. ಕೆಂಪಿಗೆ 532ರ ಬೆಳಕು ಬೇಕು. ಅದನ್ನು ಚರ್ಮದ ಸ್ವಂತ ಬಣ್ಣವಾದ ಮೆಲನಿನ್ ಕೂಡ ಚೆನ್ನಾಗಿ ಹೀರಿಕೊಳ್ಳುತ್ತೆ. ಹಾಗಾಗಿ ಬಿಳಿ ಮಚ್ಚೆ ಅಥವಾ ಕಪ್ಪು ಕಲೆ ಉಳಿಯೋ ಅಪಾಯ ಜಾಸ್ತಿ. ಹಸಿರು, ನೀಲಿಗೆ ಬೇರೆಯೇ ಲೇಸರ್ ಬೇಕು. ಅಂದರೆ ಇವನ "ಅವ್ವ"ನಿಗಿಂತ ಆ ಹೂವೇ ಹೆಚ್ಚು ಕಾಡೋದು!

ನೋವು? ರಬ್ಬರ್ ಬ್ಯಾಂಡ್ ಎಳೆದು ಮತ್ತೆ ಮತ್ತೆ ಚರ್ಮಕ್ಕೆ ಹೊಡೆದ ಹಾಗೆ ಅಂತಾರೆ. ಮರಗಟ್ಟಿಸೋ ಮುಲಾಮು ಹಚ್ತಾರೆ. ಹೊಡೆದ ಕೂಡಲೇ ಜಾಗ ಬೆಳ್ಳಗಾಗಿ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಆಮೇಲೆ ಬೊಕ್ಕೆ ಏಳಬಹುದು, ಒಡೆಯಬಾರದು. ಬಿಸಿಲು ತಾಗಿಸಬಾರದು. ಹುನಗುಂದದ ಬಿಸಿಲಲ್ಲಿ ಹೊಲದ ಕೆಲಸ ಮಾಡೋನಿಗೆ ಇದೇ ದೊಡ್ಡ ಕಷ್ಟ, ತುಂಬು ತೋಳಿನ ಅಂಗಿ ಹಾಕಲೇಬೇಕು. ಗಾಯ ಉಬ್ಬಿ ಗಂಟಾಗೋ ಮೈಯಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಇಷ್ಟೆಲ್ಲ ಆದಮೇಲೂ ಮಸುಕು ನೆರಳೊಂದು ಉಳಿಯಬಹುದು. "ಪೂರ್ತಿ ಹೋಗುತ್ತೆ" ಅಂತ ಗ್ಯಾರಂಟಿ ಕೊಡೋರ ಹತ್ರ ಹೋಗಲೇಬೇಡಿ. ಚರ್ಮದ ಡಾಕ್ಟರ ಹತ್ರ ಹೋಗಿ, ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ನೋಡೋಕೆ ಹೇಳಿ.

ಸುಣ್ಣ, ಸೋಡಾ, ಆಸಿಡ್ಡಿನ ಸಹವಾಸ ಅಂತೂ ಬೇಡವೇ ಬೇಡ. ಇವನ ಗೆಳೆಯನೊಬ್ಬ ಸುಣ್ಣ-ಸೋಡಾ ಕಲಸಿ ಹಚ್ಚಿಕೊಂಡು ಕೈ ಸುಟ್ಟುಕೊಂಡಿದ್ದಾನೆ. ಹಚ್ಚೆ ಇನ್ನೂ ಕಾಣುತ್ತೆ, ಜೊತೆಗೆ ಸುಟ್ಟ ಕಲೆ ಬೇರೆ. ಕಲೆಯಾದ ಚರ್ಮದಲ್ಲಿ ಲೇಸರ್ ಕೆಲಸ ಇನ್ನೂ ಕಷ್ಟ.

ನಾವು ಮಾತಾಡ್ತಿರೋದು ಆಯಿ ಕಿವಿಗೆ ಬಿತ್ತು. ಆಯಿಯ ಎರಡೂ ಮುಂಗೈ ತುಂಬ ಹಚ್ಚೆ. ದೀಪದ ಕಪ್ಪಿನಲ್ಲಿ, ಸೂಜಿಯಲ್ಲಿ ಕೊರವರ ಹೆಣ್ಮಗಳು ಚುಚ್ಚಿದ್ದು. "ಬಂಗಾರ ಇಲ್ಲೇ ಬಿಟ್ಟ ಹೋಗೂದು ತಮ್ಮಾ, ಹಚ್ಚಿ ಅಷ್ಟ ಜೋಡಿ ಬರೂದು. ಅದನ್ನ ಯಾಕ ಅಳಸ್ತೀರಿ?" ಅಂತು. ಅಂಥ ಹಳೇ ಕಪ್ಪು ಹಚ್ಚೆ ಲೇಸರಿಗೆ ಬಲು ಬೇಗ ಕರಗುತ್ತೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಹಚ್ಚೆ ಹಾಕಿಸೋದು ತಪ್ಪಲ್ಲ, ಅಳಿಸೋದೂ ತಪ್ಪಲ್ಲ. ಆದರೆ ನಾಚಿಕೆಗೆ ಅಳಿಸಬೇಡಿ, ಬೇಕಾಗಿದ್ದರೆ ಮಾತ್ರ ಅಳಿಸಿ, ಒಂದು ವರ್ಷ ಮೊದಲೇ ಶುರು ಮಾಡಿ. ನಮ್ಮ ಕಡೆ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಪಡೆ ಸೇರಬೇಕು ಅನ್ನೋ ಹುಡುಗರು ಎಷ್ಟೋ ಜನ. ಓಟ, ಎತ್ತರ, ಎದೆ ಸುತ್ತಳತೆ ಅಂತ ಎಲ್ಲ ಹೇಳಿಕೊಡೋ ಮೇಷ್ಟ್ರುಗಳು ಈ ಒಂದು ಪ್ಯಾರಾವನ್ನೂ ಜಾತ್ರೆಗೆ ಮುಂಚೆ ಓದಿ ಹೇಳಿದರೆ ಸಾಕು. ಎರಡು ನಿಮಿಷದ ಕೆಲಸ.

ಹುಡುಗ ಬಾಗಲಕೋಟೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ ಬಂದಿದ್ದಾನೆ. ಮೊದಲ ಸಿಟ್ಟಿಂಗ್ ಬರೋ ತಿಂಗಳು. ಅವನ ಅವ್ವನಿಗೆ ಇನ್ನೂ ಹೇಳಿಲ್ಲ...

ನಿಮ್ಮೂರಲ್ಲೂ ಇಂಥ ಹುಡುಗರಿದ್ದರೆ ದಯವಿಟ್ಟು ಈ ನಿಯಮ ತಿಳಿಸಿ.